ಲ್ಯಾಮಾರ್ ಎಲ್ಲಿದ್ದಾನೆ ಎಂದು ಕೇಳಿದ ದಿನ

ಪೆಟಿಗ್ರೂ ಕೌಂಟಿ ಎಂಬ ಜಿಲ್ಲೆಯಲ್ಲಿ ಪೈನ್ ಮರಗಳ ನಡುವೆ ಹೋಗುವ ರಸ್ತೆಯ ಪಕ್ಕ ಓಜೆಲ್ಲಾ ಗ್ಯಾಸ್ಕಿನ್ ಎಂಬಾಕೆಯ ಮನೆ. ಅವಳ ಒಬ್ಬನೇ ಮಗ ಲ್ಯಾಮಾರ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಸಂಜೆ ಮನೆಗೆ ತಿರುಗುವಾಗ ಹಾರನ್ ಹೊಡೆಯುವುದು ಅವನ ವಾಡಿಕೆ. ಆ ಸದ್ದು ಕೇಳಿದ ಮೇಲೆಯೇ ಓಜೆಲ್ಲಾ ಮೀನು ಕರಿಯಲು ಬಾಣಲೆ ಇಡುತ್ತಿದ್ದಳು. ಈಗ ವಾರಗಳೇ ಕಳೆದಿದ್ದವು, ಹಾರನ್ ಇಲ್ಲ. ಯಾರದೋ ಲಾರಿ ಹೋದರೂ ಅವಳು ಎದ್ದು ಬಾಗಿಲಿಗೆ ಬರುತ್ತಿದ್ದಳು, ಧೂಳು ಅಡಗುವವರೆಗೆ ನಿಂತು ನೋಡಿ ಒಳಗೆ ಹೋಗುತ್ತಿದ್ದಳು.

ಲ್ಯಾಮಾರ್‌ನ ಫೋನು ಸತ್ತಂತಿತ್ತು. ಅವನ ಜೊತೆಗಾರ ಚಾಲಕನೊಬ್ಬ ಮಾತ್ರ ಒಂದು ಸುದ್ದಿ ತಂದಿದ್ದ. ಹೆದ್ದಾರಿಯಲ್ಲಿ ಕೌಂಟಿ ಪೊಲೀಸರ ಮುಖ್ಯಸ್ಥ ಶೆರಿಫ್‌ನ ಕಾರು ನಿಂತಿತ್ತಂತೆ, ಅದರ ಪಕ್ಕ ಲ್ಯಾಮಾರ್ ಕೈ ಹಿಂದೆ ಕಟ್ಟಿಸಿಕೊಂಡು ನಿಂತಿದ್ದನಂತೆ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ.

ಓಜೆಲ್ಲಾ ಒಂದು ಸಲ ಪೇಟೆಯ ಕೋರ್ಟಿನ ಮೆಟ್ಟಿಲವರೆಗೆ ಹೋಗಿದ್ದಳು. ಒಳಗೆ ಹೋಗಿ ಏನೆಂದು ಕೇಳುವುದು? ಹಾಗೆಯೇ ಹಿಂದಿರುಗಿದ್ದಳು.

ಒಂದು ಬೆಳಿಗ್ಗೆ ಅವಳು ಜಗಲಿಯಲ್ಲಿ ಕುಳಿತು ಕಾಳು ಬಿಡಿಸುತ್ತಿದ್ದಾಗ ಪಕ್ಕದ ಮನೆಯ ಅರ್ನೆಸ್ಟೀನ್ ಬಂದಳು. ಚರ್ಚಿನ ಹಾಡಿನ ಮೇಳದಲ್ಲಿ ಇಬ್ಬರೂ ಅಕ್ಕಪಕ್ಕ ನಿಲ್ಲುವವರು.

"ಅಕ್ಕಾ, ಕಾಳೆಲ್ಲ ಸಿಪ್ಪೆಗೆ ಹಾಕ್ತಿದ್ದೀರ, ಸಿಪ್ಪೆನೆಲ್ಲ ಬಟ್ಟಲಿಗೆ ಹಾಕ್ತಿದ್ದೀರ!"

ಓಜೆಲ್ಲಾ ನೋಡಿಕೊಂಡಳು. ನಿಜವಾಗಿತ್ತು. ನಗು ಬರಲಿಲ್ಲ, ಕಣ್ಣು ತುಂಬಿತು.

ಅರ್ನೆಸ್ಟೀನ್ ಬಟ್ಟಲನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಲ್ಯಾಮಾರ್ ಸುದ್ದಿ ಏನಾದ್ರೂ ಸಿಕ್ತಾ?"

"ಎಲ್ಲಿಂದ ಸಿಗುತ್ತೆ? ಜೈಲಲ್ಲಿದಾನೋ ಆಸ್ಪತ್ರೇಲಿದಾನೋ ಆ ದೇವರಿಗೇ ಗೊತ್ತು."

"ಜೈಲಿಗೆ ಫೋನ್ ಮಾಡಿ ಕೇಳಿದ್ರಾ?"

"ಅಯ್ಯೋ, ನಿಂಗೇನು ತಲೆ ಕೆಟ್ಟಿದ್ಯಾ? ನಾನಾಗೇ ಹೋಗಿ ಹುಲಿ ಬಾಲ ಹಿಡೀಲಾ? ನೀನ್ಯಾರು, ನಿಂಗ್ಯಾಕೆ ಅಂತ ನೂರು ಪ್ರಶ್ನೆ ಕೇಳ್ತಾರೆ. ನನ್ನ ಮಾತಿಂದ ಅವನಿಗೇ ಏನಾದ್ರೂ ತೊಂದರೆ ಆದ್ರೆ? ಅದೆಲ್ಲ ವಕೀಲರ ಕೆಲಸ ಕಣೆ."

"ನಾನೂ ಹಿಂಗೇ ಅಂದ್ಕೊಂಡಿದ್ದೆ. ನಮ್ಮನೆಯವರನ್ನ ಹಿಡ್ಕೊಂಡು ಹೋದಾಗ ಮೂಲೇಲಿ ಕೂತು ಅತ್ತಿದ್ದೇ ಅತ್ತಿದ್ದು. ಆಮೇಲೆ ಗೊತ್ತಾಯ್ತು, ಜೈಲಲ್ಲಿ ಯಾರಿದಾರೆ ಅನ್ನೋದು ಗುಟ್ಟಲ್ಲ ಅಂತ. ಅದು ಸಾರ್ವಜನಿಕ ದಾಖಲೆ. ಅಮ್ಮನೂ ಕೇಳಬಹುದು, ದಾರೀಲಿ ಹೋಗೋನೂ ಕೇಳಬಹುದು. ಯಾಕೆ ಅಂತ ಕಾರಣ ಹೇಳೋದೂ ಬೇಕಿಲ್ಲ."

"ಊರೋರಿಗೆಲ್ಲ ತಿಳಿಯಲ್ವಾ?"

"ನೀವು ಕೇಳಿದ್ರೂ ತಿಳಿಯುತ್ತೆ, ಕೇಳದಿದ್ರೂ ತಿಳಿಯುತ್ತೆ. ತಿಳೀದೆ ಇರೋದು ನಿಮಗೊಬ್ಬರಿಗೇ."

ಆ ಮಾತು ಓಜೆಲ್ಲಾಗೆ ನಾಟಿತು. ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಮುಖ ಒರೆಸಿಕೊಂಡು, "ಸರಿ, ನೋಡು ಮತ್ತೆ" ಎಂದಳು.

ಅರ್ನೆಸ್ಟೀನ್ ಫೋನು ತೆಗೆದು ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಮೊದಲು ಬಂದ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ, ಬ್ಯಾಂಕ್ ಕಾರ್ಡಿನ ಸಂಖ್ಯೆ ಕೊಟ್ಟರೆ ಎಲ್ಲ ಮಾಹಿತಿ ಕೊಡುತ್ತೇವೆ ಎಂದಿತ್ತು. ಓಜೆಲ್ಲಾ ಒಳಗಿನಿಂದ ಚೀಲ ತರಲು ಎದ್ದಳು.

"ಕೂತ್ಕೊಳ್ಳಿ ಅಕ್ಕಾ! ಇದು ಜೈಲಿಂದಲ್ಲ, ಯಾರೋ ವ್ಯಾಪಾರಕ್ಕೆ ಕೂತಿರೋದು. ಶೆರಿಫ್ ಕಚೇರಿಯ ಸ್ವಂತ ಪುಟದಲ್ಲಿ ಹುಡುಕೋಕೆ ಕಾಸು ಕೇಳಲ್ಲ."

ಪೆಟಿಗ್ರೂ ಕೌಂಟಿಯ ಶೆರಿಫ್ ಕಚೇರಿಯ ಪುಟ ತೆರೆದು 'ಲ್ಯಾಮಾರ್ ಗ್ಯಾಸ್ಕಿನ್' ಎಂದು ಬರೆದಳು. ಯಾರೂ ಇಲ್ಲ. ಆ ಚಾಲಕ ಹೇಳಿದ ರಸ್ತೆ ಲೋವರಿ ಕೌಂಟಿಯೊಳಗೂ ಹಾಯುತ್ತದಲ್ಲ ಎಂದು ಅಲ್ಲಿಯ ಪುಟವನ್ನೂ ತೆರೆದಳು. ಹಿಡಿದ ಕಡೆಯ ಕೌಂಟಿಯವರೇ ಇಟ್ಟುಕೊಳ್ಳುತ್ತಾರೆ, ಮನೆ ಇರುವ ಕೌಂಟಿಯವರಲ್ಲ. ಅಲ್ಲಿಯೂ ಗ್ಯಾಸ್ಕಿನ್ ಎಂಬ ಹೆಸರಿರಲಿಲ್ಲ.

"ನೋಡಿದ್ಯಾ, ನಾನು ಹೇಳ್ಲಿಲ್ವಾ?" ಎಂದಳು ಓಜೆಲ್ಲಾ. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ.

"ತಾಳಿ. ಜನನ ಪತ್ರದಲ್ಲಿ ಅವನ ಹೆಸರು ಇದೇನಾ? ನಾವು ಕರೆಯೋ ಹೆಸರು ಬೇಡ, ಸರ್ಕಾರದ ಹತ್ರ ಇರೋ ಹೆಸರು ಬೇಕು."

ಜನನ ಪತ್ರದಲ್ಲಿ ಓಜೆಲ್ಲಾ ಬರೆಸಿದ್ದ ಮನೆತನದ ಹೆಸರು ಬೇರೆ. ಲ್ಯಾಮಾರ್ ಹೊಟ್ಟೆಯಲ್ಲಿದ್ದಾಗಲೇ ಬಿಟ್ಟುಹೋದವನ ಹೆಸರು ಅದು. ಆ ಹೆಸರು ಈ ಮನೆಯಲ್ಲಿ ಎತ್ತಕೂಡದು ಎಂದು ಅವಳೇ ಕಟ್ಟು ಮಾಡಿದ್ದಳು. ಚರ್ಚಿನಲ್ಲಿ, ನೆರೆಹೊರೆಯಲ್ಲಿ, ಎಲ್ಲೆಡೆ ಮಗನನ್ನು ಗ್ಯಾಸ್ಕಿನ್ ಎಂದೇ ಬೆಳೆಸಿದ್ದಳು. ಚಿಕ್ಕವನಿದ್ದಾಗ ಅವನು ಒಮ್ಮೆ ಆ ಹೆಸರೆತ್ತಿ ಕೇಳಿದ್ದಕ್ಕೆ ಊಟ ಬಿಟ್ಟು ಎದ್ದುಹೋಗಿದ್ದಳು.

"ಫೆಂಟ್ರೆಸ್" ಎಂದಳು ಕೊನೆಗೆ, ನೆಲ ನೋಡುತ್ತಾ. "ಲ್ಯಾಮಾರ್ ಡೆಸ್ಮಂಡ್ ಫೆಂಟ್ರೆಸ್."

ಅರ್ನೆಸ್ಟೀನ್ ಹೆಸರು ಬರೆದು, ಫೋನನ್ನು ಅವಳ ಕೈಗೇ ಕೊಟ್ಟಳು. ಲೋವರಿ ಕೌಂಟಿಯ ಪುಟದಲ್ಲಿ ಒಂದು ಮುಖ ಮೂಡಿತು. ಗಡ್ಡ ಬೆಳೆದಿತ್ತು. ಕಣ್ಣು ಬಳಲಿತ್ತು. ಓಜೆಲ್ಲಾ ಹೆಬ್ಬೆರಳಿನಿಂದ ಆ ಗಡ್ಡವನ್ನು ಸವರಿದಳು. ಸವರಿದ್ದಕ್ಕೆ ಪುಟ ಸರಿದು ಮುಖ ಮಾಯವಾಯಿತು.

"ಎಲ್ಲಿ ಹೋದ? ಅರ್ನೆಸ್ಟೀನ್, ಎಲ್ಲಿ ಹೋದ?"

"ಇಲ್ಲೇ ಇದಾನೆ ಅಕ್ಕಾ, ಎಲ್ಲೂ ಹೋಗಿಲ್ಲ."

ಆಮೇಲೆ ಓಜೆಲ್ಲಾ ತಾನೇ ಜೈಲಿಗೆ ಫೋನು ಮಾಡಿದಳು. ಅತ್ತ ಕಡೆಯ ಹೆಂಗಸು ಹೆಸರು, ಹುಟ್ಟಿದ ತಾರೀಕು ಕೇಳಿದಳು, ಅಷ್ಟೇ. ಲಾರಿ ಅತಿವೇಗವಾಗಿ ಓಡಿಸಿದ್ದಕ್ಕೆ ಕೊಟ್ಟಿದ್ದ ದಂಡದ ಚೀಟಿಯೊಂದರ ವಿಚಾರಣೆಗೆ ಲ್ಯಾಮಾರ್ ಕೋರ್ಟಿಗೆ ಬಂದಿರಲಿಲ್ಲವಂತೆ, ಅದಕ್ಕೇ ಹಿಡಿದದ್ದಂತೆ. ಅವನ ಕೈದಿ ಸಂಖ್ಯೆ, ಜಾಮೀನಿನ ವಿವರ, ನೋಡಲು ಬರಬಹುದಾದ ದಿನ ಎಲ್ಲವನ್ನೂ ಹೇಳಿದಳು. "ಕೋರ್ಟಿನ ತಾರೀಕು, ಮೊಕದ್ದಮೆಯ ಕಾಗದ ಬೇಕಂದ್ರೆ ಕೋರ್ಟಿನ ಗುಮಾಸ್ತರನ್ನ ಕೇಳಿ ಅಮ್ಮಾ, ಅವರ ಹತ್ರ ಇರುತ್ತೆ" ಎಂದಳು. ಹುಲಿಯೂ ಇರಲಿಲ್ಲ, ಬಾಲವೂ ಇರಲಿಲ್ಲ.

ಭೇಟಿಯ ದಿನ ತಾಯಿ ಮಗನ ನಡುವೆ ದಪ್ಪ ಗಾಜಿತ್ತು. ಆಚೆ ಅವನು, ಈಚೆ ಇವಳು, ಕೈಯಲ್ಲಿ ಒಂದೊಂದು ಫೋನು.

"ಮನೆ ಫೋನಿಗೆ ಮಾಡಿ ಮಾಡಿ ಸಾಕಾಯ್ತಮ್ಮ" ಎಂದ ಲ್ಯಾಮಾರ್. "ನನಗೆ ಬಾಯಲ್ಲಿರೋದು ಆ ನಂಬರ್ ಒಂದೇ. ಚಾಲ್ತೀಲಿಲ್ಲ ಅಂತ ಹೇಳೋದು. ನೀನು ಬೇಕಂತಲೇ ತೆಗೆಸಿಬಿಟ್ಟೆ, ನಾನು ಬೇಡ ಆದೆ ಅಂದ್ಕೊಂಡೆ."

"ಹುಚ್ಚಪ್ಪಾ! ಮೊಬೈಲ್ ಬಂದ್ಮೇಲೆ ಅದ್ಯಾಕೆ ಅಂತ ನೀನೇ ಅಲ್ವೇನೋ ತೆಗೆಸು ಅಂದಿದ್ದು!"

ಅವನು ನಕ್ಕ. ಆ ನಗು ನೋಡಿ ಅವಳಿಗೆ ಗಾಜನ್ನು ಒಡೆದುಬಿಡಬೇಕು ಎನ್ನಿಸಿತು.

"ಮತ್ತೆ ನಾನು ಹೆಂಗೆ ಸಿಕ್ಕಿದೆ?"

"ನಿನ್ನ ಹೆಸರು ಹೇಳಿ ಹುಡುಕಿದೆ. ಪೂರ್ತಿ ಹೆಸರು."

"ನೀನು? ನೀನು ಆ ಹೆಸರು ಹೇಳಿದ್ಯಾ?"

"ಹೇಳಿದೆ ಕಣಪ್ಪ. ಫೋನಲ್ಲಿ ಅವಳಿಗೆ ಕೇಳಿಸ್ಲಿಲ್ಲ ಅಂತ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ."

ಲ್ಯಾಮಾರ್ ತಲೆ ತಗ್ಗಿಸಿದ. ಅವನ ಭುಜ ಅಲುಗುವುದು ಅವಳಿಗೆ ಕಂಡಿತು. ಮುಟ್ಟಲು ಆಗಲಿಲ್ಲ.

ಮಾರನೆಯ ವಾರ ಓಜೆಲ್ಲಾ ಲೋವರಿ ಕೋರ್ಟಿನ ಮೆಟ್ಟಿಲು ಹತ್ತಿದಳು. ಈ ಸಲ ನಿಲ್ಲಲಿಲ್ಲ. ಗುಮಾಸ್ತರ ಕಿಟಕಿಯಲ್ಲಿ ವಿಚಾರಣೆಯ ದಿನವನ್ನೂ ಮಗನಿಗೆ ಸರ್ಕಾರ ಕೊಟ್ಟ ವಕೀಲನ ಹೆಸರನ್ನೂ ಕೇಳಿ ತಿಳಿದುಕೊಂಡಳು. ಆ ವಕೀಲನಿಗೆ ಫೋನು ಮಾಡಿ, ಮಗನಿಗೆ ಮನೆಯಿದೆ, ಕೆಲಸವಿದೆ, ಕೋರ್ಟಿಗೆ ಕರೆತರಲು ತಾನಿದ್ದೇನೆ ಎಂದಳು. ವಿಚಾರಣೆಯ ದಿನ ಮುಂದಿನ ಬೆಂಚಿನಲ್ಲಿಯೇ ಕುಳಿತಳು. ವಕೀಲ ಅವಳ ಕಡೆ ಕೈ ತೋರಿಸಿದಾಗ ಎದ್ದು ನಿಂತಳು. ನ್ಯಾಯಾಧೀಶೆ ಅವಳನ್ನೂ ಅವನನ್ನೂ ನೋಡಿ, ಮುಂದಿನ ತಾರೀಕಿಗೆ ತಪ್ಪದೆ ಬರಬೇಕೆಂದು ಹೇಳಿ ಲ್ಯಾಮಾರ್‌ನನ್ನು ಮನೆಗೆ ಬಿಟ್ಟರು.

ಜೈಲಿನ ಪಕ್ಕದ ಬಾಗಿಲಿನಿಂದ, ಹಿಡಿದ ದಿನ ತೊಟ್ಟಿದ್ದ ಅಂಗಿಯಲ್ಲಿಯೇ ಅವನು ಹೊರಗೆ ಬಂದ. ಓಜೆಲ್ಲಾ ಆ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಈ ಸಲ ಆ ಮುಖ ಸರಿಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರೂ ಹೀಗೆ ಕಾಣೆಯಾಗಿದ್ದರೆ, ಜೈಲಿನಲ್ಲಿರಬಹುದೆಂಬ ಅನುಮಾನವಿದ್ದರೆ, ಬಾಗಿಲಲ್ಲಿ ನಿಂತು ಕಾಯಬೇಡಿ. ಕೌಂಟಿ ಶೆರಿಫ್ ಕಚೇರಿಯ ಸ್ವಂತ ಪುಟದಲ್ಲಿ ಹುಡುಕಿ, ಇಲ್ಲವೇ ಜೈಲಿಗೇ ಫೋನು ಮಾಡಿ. ಕಾಗದದಲ್ಲಿರುವ ಪೂರ್ತಿ ಹೆಸರು, ಹುಟ್ಟಿದ ತಾರೀಕು ಕೈಯಲ್ಲಿರಲಿ. ಸಿಗದಿದ್ದರೆ ಹೆಸರಿನ ಅಕ್ಷರ ಬದಲಿಸಿ ನೋಡಿ, ಪಕ್ಕದ ಕೌಂಟಿಗಳಲ್ಲೂ ನೋಡಿ. ಆಗಷ್ಟೇ ಹಿಡಿದಿದ್ದರೆ ಹೆಸರು ಪುಟಕ್ಕೆ ಏರುವುದು ಸ್ವಲ್ಪ ತಡವಾಗಬಹುದು, ಮತ್ತೆ ಕೇಳಿ. ನಿಮ್ಮವರನ್ನು ಬಿಡಿಸುತ್ತೇವೆ, ಈಗಲೇ ಹಣ ಕಳಿಸಿ ಎಂದು ಯಾರಾದರೂ ಫೋನು ಮಾಡಿದರೆ ನಂಬಬೇಡಿ, ಜೈಲಿಗೆ ನೀವೇ ಮಾಡಿ ವಿಚಾರಿಸಿ. ಜೈಲಿನ ಪುಟದಲ್ಲಿ ಹೆಸರು ಬಂತೆಂದರೆ ತಪ್ಪು ಮಾಡಿದ್ದಾರೆ ಎಂದಲ್ಲ, ಅದನ್ನು ಕೋರ್ಟು ಹೇಳಬೇಕು. ಮನೆಯ ಒಬ್ಬರ ನಂಬರನ್ನಾದರೂ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ.

ಒಳಗಿರುವವರು ನಿಮ್ಮನ್ನು ಹುಡುಕಿಕೊಂಡು ಬರಲಾರರು. ಹೊರಗಿರುವವರು ನೀವು. ನೀವೇ ಕೇಳಿ, ಇವತ್ತೇ ಕೇಳಿ.