ರೊಟ್ಟಿ ಬಡಿಯುವ ಸಪ್ಪಳ

ತಿಕೋಟಾದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಹಣಮಂತರಾಯರು ಇಬ್ರಾಹಿಂಪುರದ ಮನೆಯಲ್ಲಿ ನಡಿಗೆ, ಪೇಪರು, ಮಧ್ಯಾಹ್ನದ ನಿದ್ದೆ ಎಂದು ದಿನವನ್ನು ಹೊಂದಿಸಿಕೊಂಡಿದ್ದರು. ಒಂದು ದಿನ ಹೆಂಡತಿ ಚಂದ್ರಾಬಾಯಿ ಎದುರಿನ ಹೊರಸಿನ ಮೇಲೆ ಬಂದು ಕುಳಿತರು.

"ನಾನೂ ರಿಟೈರ್ ಆದೆ ನೋಡ್ರಿ. ಇನ್ನ ರೊಟ್ಟಿ ಬಡಿಯೂದಿಲ್ಲ. ಮಣಿಕಟ್ಟು ಸೋತಾವ."

"ಪೆನ್ಶನ್ ಯಾರ ಕೊಡಬೇಕು?"

"ನೀವ. ನಿಮ್ಮದರಾಗ ಅರ್ಧಾ ಕೊಡ್ರಿ. ಕುಂತ ಉಣ್ಣಾವರಿಗೆ ಅರ್ಧಾ ಸಾಕು."

ಹಣಮಂತರಾಯರು ನಕ್ಕರು. ಅಂದಿನಿಂದ ಅಂಗಡಿಯ ರೊಟ್ಟಿ ಬರತೊಡಗಿತು.

ಮರುದಿನ ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿದ್ದಾಗ ಅಡಿಗೆಮನೆಯಲ್ಲಿ ಯಾರೋ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ನಡುವೆ, ರೊಟ್ಟಿಯನ್ನು ಹಂಚಿಗೆ ಹಾಕುವಷ್ಟು ಬಿಡುವು. ಮತ್ತೆ ಸಪ್ಪಳ.

ಹಣಮಂತರಾಯರು ಹೋಗಿ ನೋಡಿದರು. ಯಾರೂ ಇರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಇರ್ಫಾನಾಳ ಮನೆಗೆ ಬೀಗ. ಆಕೆ ತವರಿಗೆ ಹೋಗಿದ್ದಳು. ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿದರು, ಗೋಡೆಗೆ ಕಿವಿಯಿಟ್ಟರು. ಅಡಿಗೆಮನೆಯಲ್ಲಿ ನಿಂತರೆ ಮೌನ. ಪಡಸಾಲೆಗೆ ಬಂದರೆ ಸಪ್ಪಳ. ಕೊನೆಗೆ ಹಂಚನ್ನು ಮುಟ್ಟಿದರು. ಬಿಸಿಯಿತ್ತು. ಅದರ ಕೆಳಗಿನ ಒಲೆ ತಣ್ಣಗಿತ್ತು.

"ಹಂಚ ಬಿಸಲಿಗೆ ಕಾದಿರಬೇಕು," ಎಂದರು ಪಡಸಾಲೆಗೆ ಬಂದು ಕೂರುತ್ತ. ಆ ಕೋಣೆಗೆ ಬಿಸಿಲು ಬೀಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಚಂದ್ರಾಬಾಯಿ ತಗ್ಗಿದ ದನಿಯಲ್ಲಿ ಹೇಳಿದರು: "ಗಾಜಿನ ಬಳಿ ಸಪ್ಪಳ ಇಲ್ಲ, ಕೇಳ್ರಿ. ನಾ ಬಡಿದ್ರ ಬಳಿ ಮಾತಾಡ್ತಾವ. ಇದು ನಿಮ್ಮ ಅವ್ವನ ಕೈ."

ಬಬಲೇಶ್ವರದಿಂದ ಈ ಮನೆಗೆ ಸೊಸೆಯಾಗಿ ಬಂದ ಹಣಮಂತರಾಯರ ತಾಯಿ ಗುರುಬಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ಬಳೆ ತೆಗೆದವರು. ಮುಪ್ಪಿನಲ್ಲೂ ರೊಟ್ಟಿ ಬಡಿಯುವುದು ಬಿಡಲಿಲ್ಲ. ಬಡಿಯುವ ಕಲ್ಲಿನ ಮುಂದೆಯೇ ಒರಗಿ ಪ್ರಾಣ ಬಿಟ್ಟಾಗ ಅವರ ಬೆರಳಿಗೆ ಹಿಟ್ಟು ಮೆತ್ತಿಕೊಂಡಿತ್ತು.

"ಸತ್ತ ಮ್ಯಾಲರ ಕುಂತಿದ್ರು, ಪಾಪ. ನಾ ಕುಂತೆ, ಅವರು ಎದ್ರು," ಎನ್ನುತ್ತ ಚಂದ್ರಾಬಾಯಿ ಮಣಿಕಟ್ಟು ಹಿಡಿದುಕೊಂಡು ಮೇಲೇಳತೊಡಗಿದರು. "ಈ ಮನ್ಯಾಗ ಯಾರರ ಒಬ್ಬರು ಬಡೀಬೇಕಲ್ರಿ."

ಹಣಮಂತರಾಯರು ಕೈಚಾಚಿ ಅವರನ್ನು ತಡೆದರು.

"ನೀ ಕುಂದ್ರು," ಎಂದು ತಾವೇ ಎದ್ದರು.

"ನಿಮಗ ಹಿಟ್ಟ ನಾದಾಕರ ಬರತದೇನ್ರಿ?"

"ಕಲಿತೇನಿ."

ಕುದಿಯುವ ನೀರು ಹಾಕಿ ಜೋಳದ ಹಿಟ್ಟು ನಾದುವಾಗ ಬೆರಳು ಸುಟ್ಟವು. ಮೊದಲ ರೊಟ್ಟಿ ಕಲ್ಲಿಗೇ ಹತ್ತಿತು. ಎರಡನೆಯದು ನಡುವೆ ಹರಿಯಿತು. ಈಗ ಮನೆಯಲ್ಲಿ ಅವರ ಕೈಯ ಸಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ಪಡಸಾಲೆಯಲ್ಲಿ ಹೊರಸು ಕಿರುಗುಟ್ಟಿತು, ಇನ್ನೊಬ್ಬರ ಭಾರ ಬಿದ್ದಂತೆ.

"ಬರ್ರಿ ಅತ್ತೀ, ಇತ್ಲಾಗ ಕುಂದರ್ರಿ," ಚಂದ್ರಾಬಾಯಿಯ ದನಿ. "ನೋಡ್ರಿ ನಿಮ್ಮ ಮಗಾ ಎಷ್ಟ ದಪ್ಪ ಬಡಿತಾನ."

ಆಮೇಲೆ ಇಬ್ಬರು ಹೆಂಗಸರು ನಕ್ಕರು.

ಹಣಮಂತರಾಯರು ತಿರುಗಿ ನೋಡಲಿಲ್ಲ. ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು, ತೆಳ್ಳಗೆ ಬಡಿಯಲು ನೋಡಿದರು.