ಸರಿ ಉತ್ತರದ ಚಿತ್ರ

‘ಶಭಾಷ್’ ಎಂಬ ಪದವನ್ನು ಸುಚಿತಾ ದಪ್ಪ ಮಾಡಿದಳು. ಹಸಿರು ಬಣ್ಣ ಕೊಟ್ಟಳು. ಪ್ರಶ್ನೆಯನ್ನು ನಡುವಿಗೆ ತಂದು, ಎರಡನೇ ತರಗತಿಯ ಮಕ್ಕಳಿಗೆ ಓದಲು ಸುಲಭವಾಗಲೆಂದು ಅಕ್ಷರ ದೊಡ್ಡದು ಮಾಡಿದಳು. ಕುಮಟೆಯ ಆ ಕಚೇರಿಯಲ್ಲಿ ಅವಳ ಕೆಲಸವೇ ಇದು. ಬೇರೆಯವರು ಬರೆದ ಪಾಠಗಳನ್ನು ಆನ್‌ಲೈನ್ ಚಟುವಟಿಕೆಗೆ ಹಾಕಿ ಅಂದಗೊಳಿಸುವುದು.

ಪ್ರಶ್ನೆ ಹೀಗಿತ್ತು: ‘ದುರ್ವಾಸನೆ ಎಲ್ಲಿಂದ ಬರುತ್ತದೆ? ಚಿತ್ರವನ್ನು ಒತ್ತಿ.’

ಹೂವಿನಂಗಡಿಯ ಚಿತ್ರ ಹಾಕಿದಳು. ಪುಸ್ತಕದಂಗಡಿಯದು ಹಾಕಿದಳು. ಮೂರನೆಯದು ತೆರೆದಾಗ ಅವಳ ಕೈ ಮೌಸಿನ ಮೇಲೆಯೇ ನಿಂತಿತು. ಮೀನುಪೇಟೆಯಲ್ಲಿ, ಬಂಗಡೆ ಬುಟ್ಟಿಯ ಹಿಂದೆ, ಮುಡಿದ ಅಬ್ಬಲಿಗೆ ಕಾಣಲೆಂದು ತಲೆ ಓರೆ ಮಾಡಿ ನಗುತ್ತಿದ್ದವಳು ಅವಳ ಅವ್ವಿ, ಸುಬ್ಬಿ.

ಕಚೇರಿಯ ಯಜಮಾನ ವಿನೋದ ಸರ್ ತಾವೇ ಪೇಟೆಗೆ ಹೋಗಿ ತೆಗೆದ ಪಟ. ಮಕ್ಕಳ ಪಾಠಕ್ಕೆ ಎಂದು ಹೇಳಿದ್ದರಂತೆ. ಅವ್ವಿ ದೊಡ್ಡ ಬಂಗಡೆಗಳನ್ನೇ ಆರಿಸಿ, ದುಡ್ಡು ಬೇಡವೆಂದು ಕಟ್ಟಿಕೊಟ್ಟಿದ್ದಳು. ತನ್ನ ಮಗಳು ಅವರಲ್ಲೇ ಕೆಲಸಕ್ಕಿದ್ದಾಳೆಂದು ಮಾತ್ರ ಹೇಳಿರಲಿಲ್ಲ. ಹೇಳಬೇಡವೆಂದು ಮಗಳೇ ಕಟ್ಟಪ್ಪಣೆ ಮಾಡಿದ್ದಳು.

ಸರ್ ಹಿಂದೆ ಬಂದು ನಿಂತರು. “ಮೂರನೇದು ಸರಿ ಉತ್ತರ. ಅದನ್ನ ಒತ್ತಿದ್ರೆ ಶಭಾಷ್ ಬರ್ಬೇಕು, ಚಪ್ಪಾಳೆ ಸಮೇತ.”

“ಸರ್, ಈ ಪಟದ ಬದ್ಲು ಚರಂಡಿದು ಹಾಕ್ಲಾ?”

“ಎಂತಕೆ? ಎಷ್ಟು ಚೊಲೋ ಬಂದದೆ ನೋಡು. ನೋಡಿದ್ರೇ ನಾತ ಬಡೀತದೆ!”

ಪಕ್ಕದ ಮೇಜಿನ ದೀಪಾ ಮೂಗು ಹಿಡಿದುಕೊಂಡು ನಕ್ಕಳು. ಸುಚಿತಾ ಕೂಡ ನಕ್ಕಳು.

ಆಮೇಲೆ ಅವ್ವಿಯ ಸುತ್ತ ಹಸಿರು ಅಂಚು ಎಳೆದಳು. ಕೆಲಸ ಮಾಡುತ್ತದೋ ಎಂದು ಒತ್ತಿ ನೋಡಲೇಬೇಕಿತ್ತು. ಒತ್ತಿದಳು. ಚಪ್ಪಾಳೆ ಬಂತು.

ಸಂಜೆ ತಮ್ಮೂರು ಬಾಡಕ್ಕೆ ಹೋಗುವ ಬಸ್ಸಿನಲ್ಲಿ ಅವ್ವಿ ಮೊದಲೇ ಕುಳಿತಿದ್ದಳು. ಪಕ್ಕದಲ್ಲಿ ಅವಳ ಜೊತೆ ಮೀನು ಮಾರುವ ಗಂಗಿ. ಸುಚಿತಾ ಎಂದಿನಂತೆ ದೂರದ ಸೀಟಿನಲ್ಲಿ ಕುಳಿತಳು. ಚೂಡಿದಾರಕ್ಕೆ ಬುಟ್ಟಿಯ ನೀರು ತಾಗುತ್ತದೆ ಎಂಬ ಕಾರಣವನ್ನು ಅವ್ವಿಯೇ ಹುಡುಕಿ ಕೊಟ್ಟಿದ್ದಳು.

“ಮಗಾ, ನನ್ ಪಟ ಬಂತನೆ ಪಾಠದಲ್ಲಿ?” ಅವ್ವಿ ಅಲ್ಲಿಂದಲೇ ಕೂಗಿದಳು.

“ಬಂದದೆ.”

“ಕೇಳ್ದ್ಯನೆ ಗಂಗಿ? ನಾ ಹೇಳ್ಲಿಲ್ವನೆ!”

“ಆತು ಮಾರಾಯ್ತಿ, ನಾಳಿಂದ ನೀನು ಶಾಲೆ ಅಕ್ಕೋರು. ನಿನ್ ಬುಟ್ಟಿನೂ ನಾನೇ ಹೊರ್ತೆ,” ಎಂದಳು ಗಂಗಿ.

“ಹೊರು, ಹೊರು. ಮಗಾ, ಪಟದ ಸಂಗ್ತಿ ಎಂತ ಬರ್ದಾರೆ?”

ಬಸ್ಸಿನವರು ತಿರುಗಿ ನೋಡಿದರು. ಸುಚಿತಾ ಕಿಟಕಿಯ ಕಡೆ ತಿರುಗಿದಳು. “ಮೀನುಪೇಟೆ ಅಂತ.”

“ಹೆಸ್ರು ಹಾಕ್ಲಿಲ್ವ? ಇರ್ಲಿ ಬಿಡು. ಒಂದ್ಸಲ ನೋಡ್ಬೇಕಿತ್ತು. ನಾಳೆ ನಿನ್ ಆಫೀಸಿನ ಹೊರಗೇ ನಿಂತ್ಕಂಡು ನೋಡ್ತೆ. ಒಳಗೆ ಬರೂದಿಲ್ಲ.”

ಪಾಠ ಮಕ್ಕಳಿಗೆ ಹೋಗುವುದು ನಾಳೆ ಮಧ್ಯಾಹ್ನ. ಅಷ್ಟರಲ್ಲಿ ಯಾರಿಗೂ ಗೊತ್ತಾಗದಂತೆ ಆ ಚಿತ್ರವನ್ನು ಬದಲಿಸಬಹುದಿತ್ತು. ಬದಲಿಸುವುದಿಲ್ಲ ಎಂದುಕೊಂಡಳು ಸುಚಿತಾ. ಬೆಳಿಗ್ಗೆ ದಾರಿಯಲ್ಲೇ ಅವ್ವಿಗೆ ಎಲ್ಲ ಹೇಳುವುದು, ತಾನು ನಕ್ಕಿದ್ದನ್ನೂ ಸೇರಿಸಿ. ಅವಳು ಬೈಯಲಿ, ಹೊಡೆಯಲಿ. ಆಮೇಲೂ ಬರುತ್ತೇನೆಂದರೆ ಬುಟ್ಟಿ ಸಮೇತ ಒಳಗೆ ಕರೆದೊಯ್ದು ತನ್ನ ಕುರ್ಚಿಯಲ್ಲಿ ಕೂರಿಸುವುದು. ಇವಳು ನನ್ನ ಅವ್ವಿ ಎನ್ನುವುದು. ಆ ಪ್ರಶ್ನೆಯನ್ನು ಸರ್ ಅವಳ ಮುಖ ನೋಡಿ ಓದಲಿ. ಓದಲು ಬಾಯಿ ಬರದಿದ್ದರೆ, ಅಳಿಸುವುದೂ ಅವರ ಕೈಯಿಂದಲೇ ಆಗಲಿ.

“ಎಂತ ಯೋಚ್ನೆ ಮಾಡ್ತೀಯೆ?” ಎಂದಳು ಅವ್ವಿ.

“ಎಂತಾ ಇಲ್ಲ.”