ತೆಗೆದಾಯ್ತು

ಬಿಸಿನೀರಿನ ಫ್ಲಾಸ್ಕ್ ಹಿಡಿದು ವಾರ್ಡಿಗೆ ಮರಳಿದ ಟೈಲರಮ್ಮನಿಗೆ ಕಂಡದ್ದು ಖಾಲಿ ಹಾಸಿಗೆ. ಮಗಳಿಗಿನ್ನೂ ಆರು ವರ್ಷ. ಹುಟ್ಟಿನಿಂದಲೇ ಹೃದಯದಲ್ಲೊಂದು ತೂತು. ಆಪರೇಷನ್ ಇದ್ದದ್ದು ನಾಳೆ. ಜೊತೆಗಿದ್ದ ಅತ್ತೆಯೂ ಕಾಣಲಿಲ್ಲ. ಹುಡುಕುತ್ತ ಕಾರಿಡಾರಿನ ತುದಿಗೆ ಬಂದಾಗ, ಅರೆ ತೆರೆದ ಬಾಗಿಲೊಳಗೆ ಕನ್ನಡಕದವಳೊಬ್ಬಳು ಫೋನಿನಲ್ಲಿದ್ದಳು.

"ಏಳನೇ ಬೆಡ್ಡಿನ ಮಗೂದು ಹೃದಯ ತೆಗೆದಾಯ್ತು ಸಾರ್. ಚೆನ್ನಾಗಿ ಬಂದಿದೆ. ತೊಳೆದು ಡಬ್ಬಕ್ಕೆ ಹಾಕಿದೀನಿ."

ಏಳನೆಯದು ತನ್ನ ಮಗಳದೇ. ಫ್ಲಾಸ್ಕ್ ಬಿದ್ದ ಸದ್ದು ಪಕ್ಕದ ಮನೆಯದೆಂಬಂತೆ ಕೇಳಿಸಿತು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಮೇಡಂ? ನಾಳೆ ಅಂದಿದ್ರಲ್ಲ."

ಕನ್ನಡಕದವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದೊಡನೆ ಅವಳ ಮುಖವೂ ಬಿಳಿಚಿತು. "ಅಯ್ಯೋ, ಪ್ರಿಂಟ್ ತೆಗೆದದ್ದು ಅಕ್ಕಾ. ಫೋಟೋ ತೆಗೀತೀವಲ್ಲ, ಹಾಗೆ. ಸ್ಕ್ಯಾನ್ ಹಾಕಿದ್ರೆ ಈ ಮೆಷಿನ್ನು ರಬ್ಬರಿನಂಥದ್ದರಲ್ಲಿ ಪದರ ಪದರವಾಗಿ ಅದೇ ಥರದ್ದು ಮಾಡಿಕೊಡುತ್ತೆ. ಮಗು ಅಜ್ಜಿ ಜೊತೆ ರಕ್ತ ಪರೀಕ್ಷೆಗೆ ಹೋಗಿದೆ."

ಹಾಳು ಮಾತು. ಫೋಟೋ ತೆಗೆಯುವುದಕ್ಕೂ ಹಲ್ಲು ತೆಗೆಯುವುದಕ್ಕೂ ಪ್ರಾಣ ತೆಗೆಯುವುದಕ್ಕೂ ಒಂದೇ ಪದ ಇಟ್ಟುಕೊಂಡರೆ ಹೆತ್ತವರ ಗತಿಯೇನು? ಹೋದ ಜೀವ ಬಂದಂತಾಗಿ ಟೈಲರಮ್ಮ ಸ್ಟೂಲಿನ ಮೇಲೆ ಕುಸಿದಳು.

ಅಷ್ಟರಲ್ಲಿ ಸರ್ಜನ್ ಬಂದರು. ಡಬ್ಬದಿಂದ ಆ ಮೆತ್ತನೆಯ, ಪುಟ್ಟ ಮುಷ್ಟಿಯಷ್ಟಿದ್ದ ಹೃದಯವನ್ನೆತ್ತಿ, "ನಾಳೆ ಕೊಯ್ಯೋ ಜಾಗಾನ ಇವತ್ತು ಇದರ ಮೇಲೆ ಕೊಯ್ದು ನೋಡ್ತೀನಮ್ಮ" ಎಂದರು. ಅವಳಿಗದು ಹೊಸತಲ್ಲ, ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಅವಳೂ ಹಳೇ ಬಟ್ಟೆಯಲ್ಲಿ ಕತ್ತರಿಸಿ ನೋಡುವವಳೇ.

ಚಾಕು ಇಳಿಯಿತು. ಸರ್ಜನ್ನರ ಕೈ ಅಲ್ಲೇ ನಿಂತಿತು. ಸೀಳಿನೊಳಗೆ ಕೆಂಪು ಎಳೆಯೊಂದು ತುಂಡಾಗಿತ್ತು.

"ಏನದು ಸಾರ್?" ಟೈಲರಮ್ಮ ಕೇಳಿದಳು.

"ಹೃದಯಕ್ಕೇ ರಕ್ತ ಕೊಡೋ ನಾಳ. ಇಲ್ಲಿ ಇರಬಾರದಿತ್ತು. ಮಾಂಸದೊಳಗೆ ಹೂತುಕೊಂಡಿದೆ, ಮೇಲಿಂದ ಕಾಣ್ತಿರಲಿಲ್ಲ." ಅವರ ದನಿ ತಗ್ಗಿತು. "ನಾಳೆ ನಾನು ಇಲ್ಲೇ ಕೊಯ್ತಿದ್ದೆ."

ಸರ್ಜನ್ ಕನ್ನಡಕದವಳತ್ತ ತಿರುಗಿ, "ಇನ್ನೊಂದು ತೆಗೀರಿ. ಬೇರೆ ಕಡೆಯಿಂದ ದಾರಿ ಹುಡುಕಬೇಕು" ಎಂದರು.

ತೋಳಿಗೆ ಹತ್ತಿ ಅಂಟಿಸಿಕೊಂಡ ಮಗಳು ಅಜ್ಜಿಯ ಕೈ ಬಿಡಿಸಿಕೊಂಡು ಓಡಿಬಂದಳು. "ಅದೇನಮ್ಮಾ?"

ಟೈಲರಮ್ಮ ಮಂಡಿಯೂರಿ ಮಗಳ ಎದೆಗೆ ಕಿವಿಯಾನಿಸಿದಳು. ಅದು ಒಳಗೇ ಇತ್ತು, ಯಾರೂ ತೆಗೆದಿರಲಿಲ್ಲ.